ಒಳ್ಳೆಯ ಮಾಲೀಕರು ಎಲ್ಲಿ ಸಿಗುತ್ತಾರೆ? ಮದ್ದೂರು ಕಡೆಯ ಲಾರಿ ಚಾಲಕರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು, ವಯಸ್ಸು 31. ಎಂಟು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಮೊದಲು ಮೂರು ಹಂಗಾಮು ಕಬ್ಬಿನ ಲಾರಿ ಓಡಿಸಿದೆ, ಆಮೇಲೆ ಹತ್ತು ಚಕ್ರದ ಲಾರಿಯಲ್ಲಿ ಹುಬ್ಬಳ್ಳಿ, ಪುಣೆ, ಮುಂಬೈ ಕಡೆಗೆ ಹೋಗುತ್ತಿದ್ದೇನೆ. ನಾಲ್ಕು ವರ್ಷದಲ್ಲಿ ಇಬ್ಬರು ಮಾಲೀಕರನ್ನು ಬಿಟ್ಟು ಈಗ ಮೂರನೆಯವರ ಬಳಿ ಇದ್ದೇನೆ. ಮೂವರೂ ಒಂದೆರಡು ಲಾರಿ ಇಟ್ಟುಕೊಂಡು ಬ್ರೋಕರ್ ಆಫೀಸಿನಿಂದ ಲೋಡ್ ಹಿಡಿಯುವವರು. ಈಗಿನವರು ಕೊಡುವುದಾಗಿ ಹೇಳಿದ ಸಂಬಳ 18,000 ರೂಪಾಯಿ, ಬಾಟಾ (ಟ್ರಿಪ್ಪಿನ ಭತ್ಯೆ) ಬೇರೆ. ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಹೋದ ಟ್ರಿಪ್ಪಿನಲ್ಲಿ ಟೈರು ಸಿಡಿಯಿತೆಂದು 9,000 ರೂಪಾಯಿಯನ್ನು ನನ್ನ ಲೆಕ್ಕಕ್ಕೆ ಬರೆದಿದ್ದಾರೆ. ತಂಗಿಯ ಮದುವೆಗೆ ಪಡೆದ 40,000 ರೂಪಾಯಿ ಮುಂಗಡ ಇನ್ನೂ ಹಾಗೆಯೇ ಇದೆ. ಅದಕ್ಕಾಗಿ ನನ್ನ ಲೈಸೆನ್ಸನ್ನು ಅವರೇ ಇಟ್ಟುಕೊಂಡಿದ್ದಾರೆ. ಲಾರಿ ಹತ್ತುವಾಗ ಕೊಡುತ್ತಾರೆ, ಇಳಿದ ಮೇಲೆ ತೆಗೆದುಕೊಳ್ಳುತ್ತಾರೆ. ದೊಡ್ಡ ಕಂಪನಿಗೆ ಸೇರಿದರೆ ಕ್ಯಾಮೆರಾ ಕಾಟ ಎನ್ನುತ್ತಾರೆ. ಸ್ನೇಹಿತ ಗಲ್ಫಿಗೆ ಕರೆಯುತ್ತಿದ್ದಾನೆ. ಅರ್ಧ ಎಕರೆ ಮಾರಿ ಸ್ವಂತ ಲಾರಿ ಮಾಡೋಣ ಎನ್ನುವುದು ತಂದೆಯವರ ಮಾತು. ಹೆಂಡತಿ, ಇದೆಲ್ಲ ಬಿಟ್ಟು ತೂಬಿನಕೆರೆಯ ಯಾವುದಾದರೂ ಕಾರ್ಖಾನೆಗೆ ಸೇರಿ ಎನ್ನುತ್ತಾಳೆ. ನನಗೆ ಲಾರಿ ಓಡಿಸುವುದು ಇಷ್ಟ. ಈ ಕೆಲಸದಲ್ಲಿ ಒಳ್ಳೆಯ ಮಾಲೀಕರು ನಿಜವಾಗಿಯೂ ಇದ್ದಾರೆಯೇ? ಇದ್ದರೆ ಅವರನ್ನು ಹುಡುಕುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಕಟಗಳು ಒಂದರೊಳಗೊಂದು ಸೇರಿಕೊಂಡಿವೆ. ಈಗ ಸಿಕ್ಕಿಕೊಂಡಿರುವ ಜಾಗದಿಂದ ಹೊರಬರುವುದು ಹೇಗೆ ಎಂಬುದು ಒಂದು, ಬಂದ ಮೇಲೆ ಮತ್ತೆ ಅಂಥದ್ದೇ ಜಾಗಕ್ಕೆ ಹೋಗಿ ಬೀಳದಿರುವುದು ಹೇಗೆ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಅರ್ಥವಾಗದೆ ಹೊರಬಂದವರು ಆರು ತಿಂಗಳಲ್ಲಿ ನಾಲ್ಕನೆಯ ಮಾಲೀಕರ ಬಳಿ ಇದೇ ಸ್ಥಿತಿಯಲ್ಲಿರುವುದನ್ನು ನಾನು ಬಹಳ ನೋಡಿದ್ದೇನೆ. ಒಂಬತ್ತು ವರ್ಷ ನಾನೇ ಲಾರಿ ಓಡಿಸಿ, ಆಮೇಲೆ ಹದಿನೇಳು ವರ್ಷ ಮೈಸೂರಿನಲ್ಲಿ ಚಾಲಕರನ್ನು ನೇಮಿಸುವ ಮತ್ತು ಅವರ ಟ್ರಿಪ್ ಲೆಕ್ಕ ಮುಗಿಸುವ ಕೆಲಸ ಮಾಡಿದವನು ನಾನು. ಮೇಜಿನ ಎರಡೂ ಕಡೆ ಕುಳಿತ ಅನುಭವದಿಂದ ಹೇಳುತ್ತಿದ್ದೇನೆ.

ಮೂವರು ಮಾಲೀಕರೂ ಸರಿಯಿರಲಿಲ್ಲ ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂವರಿಗೂ ಸ್ವಂತ ಲೋಡ್ ಇರಲಿಲ್ಲ ಎಂಬ ಸಂಗತಿಯನ್ನು ನೀವು ಹೋಗುತ್ತ ಹೋಗುತ್ತ ಹೇಳಿಬಿಟ್ಟಿದ್ದೀರಿ, ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಮುಖ್ಯ ಮಾತು ಅದೇ. ಬ್ರೋಕರ್ ಲೋಡಿನ ಹಣ ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ಸರಕು ಕಳುಹಿಸುವ ಕಾರ್ಖಾನೆಯವರು ದೊಡ್ಡ ಟ್ರಾನ್ಸ್‌ಪೋರ್ಟಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ಅವರ ಬಳಿ ಆ ದಿನ ಲಾರಿ ಸಾಲದಿದ್ದರೆ ಬ್ರೋಕರಿಗೆ ಹೇಳುತ್ತಾರೆ, ಬ್ರೋಕರ್ ತನ್ನ ಕಮಿಷನ್ ಹಿಡಿದುಕೊಂಡು ನಿಮ್ಮ ಮಾಲೀಕರಿಗೆ ಫೋನ್ ಮಾಡುತ್ತಾರೆ. ಲೋಡ್ ಆದಾಗ ಬಾಡಿಗೆಯ ಒಂದು ಪಾಲು ಮುಂಗಡವಾಗಿ ಸಿಗುತ್ತದೆ, ಉಳಿದದ್ದು ನೀವು ಸರಕು ಇಳಿಸಿ, ಸಹಿ-ಮೊಹರು ಹಾಕಿಸಿದ ಎಲ್‌ಆರ್ (ಸರಕಿನ ಲಾರಿ ರಶೀದಿ) ಪ್ರತಿ ವಾಪಸು ತಲುಪಿದ ಮೇಲೆ, ಅದೂ ವಾರಗಟ್ಟಲೆ ಕಳೆದು ಕೈಗೆ ಬರುತ್ತದೆ. ಈ ನಡುವೆ ಫೈನಾನ್ಸಿನ ಕಂತು ತಪ್ಪಿದರೆ ಲಾರಿಯನ್ನೇ ಎಳೆದುಕೊಂಡು ಹೋಗುತ್ತಾರೆ, ಬಂಕಿನವರು ಡೀಸೆಲನ್ನು ಬಹಳ ದಿನ ಸಾಲ ಕೊಡುವುದಿಲ್ಲ, ಟೋಲ್ ಹಣ ಫಾಸ್ಟ್ಯಾಗಿನಿಂದ ತಾನಾಗಿಯೇ ಹೋಗುತ್ತದೆ. ಹೀಗಾಗಿ ಮಾಲೀಕರು ಮುಂದಕ್ಕೆ ತಳ್ಳಬಹುದಾದ ಖರ್ಚು ಒಂದೇ ಉಳಿಯುತ್ತದೆ, ಅದು ಚಾಲಕನ ಸಂಬಳ. ಮನುಷ್ಯ ಒಳ್ಳೆಯವನೇ ಆಗಿದ್ದರೂ ಈ ವ್ಯವಸ್ಥೆಯಲ್ಲಿ ಅವನು ಸಂಬಳ ತಡಮಾಡುವ ಮಾಲೀಕನಾಗಿಯೇ ಆಗುತ್ತಾನೆ.

ಆದ್ದರಿಂದ ನನ್ನ ಬಳಿ ಕೆಲಸ ಕೇಳಿಕೊಂಡು ಬಂದವರಿಗೆಲ್ಲ ನಾನು ಹೇಳುತ್ತಿದ್ದದ್ದು, ಮಾಲೀಕರನ್ನು ಹುಡುಕುವ ಮೊದಲು ಲೋಡನ್ನು ನೋಡಿ ಎಂದು. ಯಾರ ಸರಕು, ಎಲ್ಲಿಂದ ಎಲ್ಲಿಗೆ, ವಾರಕ್ಕೆ ಎಷ್ಟು ಟ್ರಿಪ್, ಗುತ್ತಿಗೆ ಎಷ್ಟು ವರ್ಷದ್ದು, ವಾಪಸು ಬರುವಾಗ ಲೋಡ್ ಖಚಿತವಿದೆಯೋ ಖಾಲಿ ಬರಬೇಕೋ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೆಂದರೆ ಆ ಮಾಲೀಕರು ನಿಮ್ಮ ಸಂಬಳವನ್ನು ಏಳನೆಯ ತಾರೀಖಿನೊಳಗೆ ಕೊಡುವ ಸ್ಥಿತಿಯಲ್ಲಿದ್ದಾರೆಯೇ ಎಂಬುದು ಮುಕ್ಕಾಲು ಪಾಲು ತಿಳಿದುಬಿಡುತ್ತದೆ. ನಿಶ್ಚಿತ ಲೋಡ್ ಇದ್ದೂ ಸಂಬಳ ಸತಾಯಿಸುವವರು ಖಂಡಿತ ಇದ್ದಾರೆ. ಆದರೆ ನಿಶ್ಚಿತ ಲೋಡ್ ಇಲ್ಲದೆ ವರ್ಷವಿಡೀ ಸಂಬಳವನ್ನು ಸರಿಯಾಗಿ ಕೊಟ್ಟವರನ್ನು ನಾನು ಕಂಡದ್ದು ತೀರ ಕಡಿಮೆ.

ಲೋಡನ್ನು ನೋಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕಾಯುವಿಕೆ. ಹೆಚ್ಚು ಕಿಲೋಮೀಟರ್ ಓಡಿಸಿದರೆ ಹೆಚ್ಚು ದುಡ್ಡು, ಹೆಚ್ಚು ದುಡ್ಡಿದ್ದರೆ ಒಳ್ಳೆಯ ಕೆಲಸ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಬಲವಾಗಿದೆ. ಆದರೆ ಚಾಲಕನನ್ನು ಸುಸ್ತು ಮಾಡುವುದು ರಸ್ತೆಗಿಂತ ಹೆಚ್ಚಾಗಿ ಗೇಟು. ನನ್ನ ಕೈಕೆಳಗಿದ್ದ ಒಬ್ಬ ಚಾಲಕರು ಜೇಬಿನಲ್ಲಿ ಸಣ್ಣ ಡೈರಿ ಇಟ್ಟುಕೊಂಡು ಪ್ರತಿ ಗೇಟಿನಲ್ಲೂ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಬರೆಯುತ್ತಿದ್ದರು. ಒಂದು ಸಲ ಲೆಕ್ಕ ಮುಗಿಸುವಾಗ ಆ ಡೈರಿಯನ್ನು ನನ್ನ ಮುಂದೆ ತೆರೆದಿಟ್ಟರು. ಡೀಸೆಲ್ ಕೈ ತಾಗಿ ಅಂಚು ಕಪ್ಪಾಗಿದ್ದ ಆ ಪುಟದಲ್ಲಿ ಒಂದೇ ಕಾರ್ಖಾನೆಯ ಗೇಟಿನ ಎದುರು 31 ಗಂಟೆ ನಿಂತದ್ದು ಬರೆದಿತ್ತು, ಅದೇ ಟ್ರಿಪ್ಪಿನಲ್ಲಿ ಅವರು ಲಾರಿ ಓಡಿಸಿದ್ದು 14 ಗಂಟೆ. ಆ 31 ಗಂಟೆಯಲ್ಲಿ ಸಾಲು ಮುಂದೆ ಸರಿದಾಗಲೆಲ್ಲ ಎದ್ದು ಲಾರಿ ಮುಂದಕ್ಕೆ ಹಾಕಬೇಕಿದ್ದರಿಂದ ಸರಿಯಾಗಿ ನಿದ್ರೆಯಾಗಿರಲಿಲ್ಲ, ಹತ್ತಿರದಲ್ಲಿ ಶೌಚಾಲಯವಿರಲಿಲ್ಲ, ಬಾಟಾ ಮಾತ್ರ ಓಡಿದ ಕಿಲೋಮೀಟರಿಗೆ ಲೆಕ್ಕವಾಗಿತ್ತು. ಅವರು ಜಗಳ ಮಾಡಲಿಲ್ಲ. ಮುಂದಿನ ತಿಂಗಳು ಕೆಲಸ ಬಿಟ್ಟರು. ಆ ಪುಟ ನೋಡಿದ ಮೇಲೆಯೇ ನಾನು ಕಾಯುವ ದಿನಕ್ಕೂ ಬಾಟಾ ಕೊಡಿಸಲು ಮಾಲೀಕರೊಂದಿಗೆ ವಾದ ಮಾಡಿದ್ದು, ಅದನ್ನು ಇನ್ನೂ ಮೊದಲೇ ಮಾಡಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ.

ಕೆಲಸದಲ್ಲಿ ತೃಪ್ತಿ ಸಿಗುತ್ತದೆಯೇ ಎಂಬುದನ್ನು ಸಂಬಳದ ಅಂಕಿಯಿಂದ ಅಳೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಲಾರಿ ನಿಂತ ಸಮಯಕ್ಕೆ ಯಾರು ಬೆಲೆ ಕಟ್ಟುತ್ತಾರೆ, ಯಾವಾಗ ಹೊರಡಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ, ಕಣ್ಣು ಎಳೆಯುತ್ತಿದೆ ಎಂದು ನೀವು ಫೋನ್ ಮಾಡಿದಾಗ ಆ ಕಡೆಯಿಂದ ಬರುವ ಉತ್ತರ ಏನು ಎಂಬುದರಲ್ಲಿಯೇ ಅದು ಇದೆ. ರಾತ್ರಿ ಎರಡರಿಂದ ಐದರ ನಡುವೆ ದೇಹ ನಿದ್ರೆಯನ್ನು ಕೇಳಿಯೇ ಕೇಳುತ್ತದೆ, ಚಹಾ ಮತ್ತು ಬೀಡಿಯಿಂದ ಅದನ್ನು ಮುಂದಕ್ಕೆ ಹಾಕಬಹುದೇ ಹೊರತು ತೀರಿಸಲಾಗದು. ಮಲಗಿ ಬೆಳಿಗ್ಗೆ ಹೊರಡಿ ಎನ್ನುವ ಮಾಲೀಕರ ಬಳಿ ಎರಡು ಸಾವಿರ ಕಡಿಮೆ ಸಂಬಳಕ್ಕೂ ಕೆಲಸ ಮಾಡಬಹುದು.

ಇನ್ನು ನಮ್ಮ ಮಂಡ್ಯ-ಮೈಸೂರು ಭಾಗದಲ್ಲಿ ನಿಮ್ಮ ಅನುಭವಕ್ಕೆ ಹೊಂದುವ ಕೆಲಸಗಳು ಯಾವುವು ಎಂದು ನೋಡೋಣ. ಕಬ್ಬಿನ ಲಾರಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಹಂಗಾಮಿನಲ್ಲಿ ಕೈತುಂಬ ಕೆಲಸ, ಮುಗಿದ ಮೇಲೆ ಖಾಲಿ, ಕಾರ್ಖಾನೆಯ ಅಂಗಳದಲ್ಲಿ ತೂಕಕ್ಕಾಗಿ ರಾತ್ರಿಯಿಡೀ ಸಾಲು. ಅದನ್ನು ಕುಟುಂಬದ ಏಕೈಕ ಆಧಾರ ಮಾಡಿಕೊಳ್ಳಬೇಡಿ. ಜಲ್ಲಿ, ಎಂ-ಸ್ಯಾಂಡ್ ಟಿಪ್ಪರುಗಳಲ್ಲಿ ಸಂಜೆಗೆ ಮನೆ ಸೇರುವ ಅನುಕೂಲವಿದೆ ನಿಜ, ಆದರೆ ಹಲವೆಡೆ ಟ್ರಿಪ್ ಲೆಕ್ಕದಲ್ಲಿ ಹಣ ಕೊಡುವುದರಿಂದ ವೇಗ ಮತ್ತು ಹೆಚ್ಚುವರಿ ತೂಕ ಎರಡೂ ಚಾಲಕನ ತಲೆಗೆ ಬರುತ್ತವೆ. ಮೋಟಾರು ವಾಹನ ಕಾಯ್ದೆಯ ಕಲಂ 194ರ ಪ್ರಕಾರ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಆ ಕಲಂ ಓಡಿಸಿದವರನ್ನೂ ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ದಂಡವನ್ನು ಮಾಲೀಕರೇ ಕಟ್ಟಿದರೂ ಲೈಸೆನ್ಸ್ ಅಮಾನತಾಗುವುದು ನಿಮ್ಮದು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕಿಂತ ಹೆಚ್ಚು ತುಂಬುವುದೇ ಪದ್ಧತಿಯಾಗಿರುವ ಕಡೆ, ಮಾಲೀಕರು ಎಷ್ಟೇ ನಯವಾಗಿ ಮಾತನಾಡಲಿ, ಸೇರಬೇಡಿ.

ನಿಮಗೆ ಮನೆಯ ಹತ್ತಿರ ಸಿಗುವ ಒಳ್ಳೆಯ ದಾರಿಯೆಂದರೆ ಹಾಲಿನ ಟ್ಯಾಂಕರ್. ಗೆಜ್ಜಲಗೆರೆಯ ಮಂಡ್ಯ ಹಾಲು ಒಕ್ಕೂಟದ ಡೇರಿಯೂ ಮೈಸೂರಿನ ಡೇರಿಯೂ ನಿಮಗೆ ದೂರವಲ್ಲ. ಹಾಲು ಕೆಡುವ ವಸ್ತುವಾದ್ದರಿಂದ ಅದನ್ನು ಯಾರೂ ಎರಡು ದಿನ ಗೇಟಿನಲ್ಲಿ ನಿಲ್ಲಿಸುವುದಿಲ್ಲ. ರೂಟು ಗೊತ್ತಿರುತ್ತದೆ, ಸಮಯ ಗೊತ್ತಿರುತ್ತದೆ, ಹಬ್ಬದ ದಿನವೂ ಕೆಲಸವಿರುತ್ತದೆ ಎಂಬುದು ಅದರ ತೊಂದರೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ತಿರುವಿನಲ್ಲಿ ಹಾಲು ಒಂದು ಕಡೆಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ, ಆದ್ದರಿಂದ ಮೊದಲ ತಿಂಗಳು ಹಳೆಯ ಚಾಲಕರೊಂದಿಗೆ ಹೋಗಿ ಕಲಿಯುವುದು ಕ್ಷೇಮ. ಟ್ಯಾಂಕರುಗಳನ್ನು ಓಡಿಸುವವರು ಬಹುಮಟ್ಟಿಗೆ ಟೆಂಡರ್ ಹಿಡಿದ ಗುತ್ತಿಗೆದಾರರು. ಟೆಂಡರ್ ಅವಧಿ ಯಾವಾಗ ಮುಗಿಯುತ್ತದೆ ಎಂದು ಸೇರುವ ಮೊದಲೇ ಕೇಳಿ.

ಎರಡನೆಯ ದಾರಿ, ನಂಜನಗೂಡು, ತಾಂಡ್ಯ, ಕಡಕೊಳ, ಹೆಬ್ಬಾಳ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳಿಂದ ಹೊರಡುವ ಗುತ್ತಿಗೆ ಲೋಡುಗಳು. ಟೈರು, ಬಣ್ಣ, ಆಹಾರ ಪದಾರ್ಥ, ಬಿಡಿಭಾಗ ಹೀಗೆ ದಿನವೂ ಹೊರಡಲೇಬೇಕಾದ ಸರಕು ಇಲ್ಲಿದೆ. ಮೈಸೂರು-ಬೆಂಗಳೂರು ಹೆದ್ದಾರಿ 2023ರಲ್ಲಿ ಪೂರ್ತಿ ತೆರೆದ ಮೇಲೆ ಬೆಂಗಳೂರಿನ ಗೋದಾಮಿಗೆ ಹೋಗಿ ಅದೇ ದಿನ ಮರಳುವ ಟ್ರಿಪ್ ಸಾಧ್ಯವಾಗಿದೆ, ನಗರದೊಳಗೆ ಭಾರಿ ವಾಹನಗಳ ನಿರ್ಬಂಧದ ಸಮಯವನ್ನು ಮಾತ್ರ ನೋಡಿಕೊಂಡು ಹೊರಡಬೇಕು. ಕೇರಳದ ಕಡೆಯ ಲೋಡಾದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದು ನಿಮಗೆ ತಿಳಿದೇ ಇದೆ. ಇದನ್ನು ಅಡ್ಡಿಯೆಂದು ಬೈಯುವ ಮಾಲೀಕರೂ ಇದ್ದಾರೆ, ನಿಷೇಧದ ಹೊತ್ತನ್ನು ಚಾಲಕನ ನಿದ್ರೆಗೆಂದು ಲೆಕ್ಕ ಹಾಕಿ ಮಧ್ಯಾಹ್ನವೇ ಲೋಡ್ ಮುಗಿಸಿ ಕಳುಹಿಸುವವರೂ ಇದ್ದಾರೆ. ಎಂಟೂವರೆಗೆ ಗುಂಡ್ಲುಪೇಟೆ ದಾಟಿದ ಚಾಲಕನಿಗೆ, ಹೇಗಾದರೂ ಗೇಟು ಹಾಕುವ ಮುಂಚೆ ಮದ್ದೂರು ಚೆಕ್‌ಪೋಸ್ಟ್ ಮುಟ್ಟು ಎಂದು ಫೋನಿನಲ್ಲಿ ಒತ್ತಾಯಿಸುವವರು (ನಿಮ್ಮೂರ ಕಡೆಯ ಮದ್ದೂರಲ್ಲ, ಗುಂಡ್ಲುಪೇಟೆ ತಾಲ್ಲೂಕಿನದು) ಎಂಥ ಮಾಲೀಕರು ಎಂಬುದನ್ನು ಆ ಒಂದು ಫೋನೇ ಹೇಳುತ್ತದೆ.

ಮೂರನೆಯದು ಪೆಟ್ರೋಲ್, ಡೀಸೆಲ್, ಅನಿಲದ ಟ್ಯಾಂಕರು. ಇದಕ್ಕೆ ಅಪಾಯಕಾರಿ ಸರಕು ಸಾಗಿಸುವ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನ ಮೇಲೆ ಹಿಂಬರಹ ಹಾಕಿಸಬೇಕು. ಅದು ಮೂರು ವರ್ಷಕ್ಕೆ ಸಿಂಧು, ನವೀಕರಿಸುವಾಗ ಒಂದು ದಿನದ ಮರುತರಬೇತಿ ಇರುತ್ತದೆ. ಖರ್ಚು ಮಾಡಿ ಈ ಹಿಂಬರಹ ಪಡೆಯುವುದು ನಿಮ್ಮ ವಯಸ್ಸಿನವರಿಗೆ ಒಳ್ಳೆಯ ಹೂಡಿಕೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅದಿಲ್ಲದವರು ಆ ಬಾಗಿಲಿಗೆ ಬರುವಂತೆಯೇ ಇಲ್ಲ. ಅಲ್ಲಿ ಶಿಸ್ತು ಜಾಸ್ತಿ, ಕುಡಿತ ಮತ್ತು ವೇಗಕ್ಕೆ ಕ್ಷಮೆಯಿಲ್ಲ, ಅಪಾಯವೂ ನಿಜವಾದದ್ದೇ. ಹೆಚ್ಚುವರಿ ತೂಕ ಮತ್ತು ದಿನಗಟ್ಟಲೆ ಕಾಯುವಿಕೆ ಮಾತ್ರ ಬಹಳ ಕಡಿಮೆ.

ದೊಡ್ಡ ಕಂಪನಿಯ ಕ್ಯಾಮೆರಾ ಕಾಟದ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ಯಾಬಿನ್ನಿನೊಳಗೆ ಮುಖಕ್ಕೆ ಹಿಡಿದ ಕ್ಯಾಮೆರಾ ಯಾರಿಗೂ ಹಿತವಲ್ಲ, ಕೂಗುವ ಜಿಪಿಎಸ್ ಕೂಡ ಹಾಗೆಯೇ. ಆದರೆ ನೀವು ಗೇಟಿನಲ್ಲಿ ನಿಂತ ಗಂಟೆಗಳಿಗೂ ಅದೇ ಜಿಪಿಎಸ್ ಸಾಕ್ಷಿ, ಎದುರಿನ ಬೈಕ್ ಸವಾರ ತಾನಾಗಿ ಅಡ್ಡ ಬಂದದ್ದಕ್ಕೆ ಮುಂದಿನ ಕ್ಯಾಮೆರಾವೇ ಸಾಕ್ಷಿ. ಅಪಘಾತವಾದಾಗ ದೊಡ್ಡ ಗಾಡಿಯದ್ದೇ ತಪ್ಪು ಎಂದು ಜನ ಮೊದಲೇ ತೀರ್ಮಾನಿಸುವ ನಮ್ಮ ರಸ್ತೆಗಳಲ್ಲಿ ಆ ದೃಶ್ಯ ಚಾಲಕರನ್ನು ಉಳಿಸಿದ್ದನ್ನು ನಾನು ಕಂಡಿದ್ದೇನೆ. ಕಂಪನಿಗಳನ್ನು ಅಳೆಯಬೇಕಾದದ್ದು ಬೇರೆ ಕಡೆ: ನಿಮ್ಮನ್ನು ಕಂಪನಿಯೇ ನೇಮಿಸಿಕೊಳ್ಳುತ್ತದೆಯೇ, ಅಥವಾ ಕಂಪನಿಯ ಹೆಸರು ಬರೆದ ಲಾರಿಗೆ ಒಬ್ಬ ಗುತ್ತಿಗೆದಾರ ನೇಮಿಸುತ್ತಾನೆಯೇ? ಲಾರಿಯ ಬಾಗಿಲ ಮೇಲಿನ ಹೆಸರನ್ನು ಬಿಟ್ಟು ನೇಮಕಾತಿ ಪತ್ರದ ಕೆಳಗಿನ ಸಹಿಯನ್ನು ನೋಡಿ. ಮೈಲೇಜ್ ಕಡಿತವಿದ್ದರೆ (ಡೀಸೆಲ್ ಹೆಚ್ಚು ಸುಟ್ಟಿತೆಂದು ಹಣ ಹಿಡಿಯುವುದು) ಅದನ್ನು ಯಾವ ತೂಕಕ್ಕೆ, ಯಾವ ರಸ್ತೆಗೆ ಲೆಕ್ಕ ಹಾಕುತ್ತಾರೆಂದು ಕೇಳಿ. ಘಟ್ಟದ ರಸ್ತೆಗೂ ಎಕ್ಸ್‌ಪ್ರೆಸ್‌ವೇಗೂ ಒಂದೇ ಮೈಲೇಜ್ ಕೇಳುವವರು ಲಾರಿ ಓಡಿಸಿ ತಿಳಿದವರಲ್ಲ.

ಡ್ರೈವರ್ ಕೆಲಸಕ್ಕೆ ಕಾಗದ ಯಾವುದೂ ಇಲ್ಲ, ಬಾಯಿಮಾತೇ ಎಲ್ಲ ಎಂಬುದು ನಮ್ಮವರು ತಾವಾಗಿಯೇ ಒಪ್ಪಿಕೊಂಡುಬಿಟ್ಟ ದೊಡ್ಡ ತಪ್ಪು ಕಲ್ಪನೆ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಎಂದು 1961ರಲ್ಲಿಯೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಈಗ ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಸೇರಿದೆ. ನೇಮಕಾತಿ ಪತ್ರ ಕಡ್ಡಾಯ ಮಾಡಿರುವ ಸುರಕ್ಷತಾ ಸಂಹಿತೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಿಗೆ ಅನ್ವಯವಾಗುವುದರಿಂದ ಎರಡು ಲಾರಿಯ ನಿಮ್ಮ ಮಾಲೀಕರು ಅದರ ಹೊರಗೆ ಉಳಿಯುತ್ತಾರೆ. ಆದರೆ ವೇತನ ಸಂಹಿತೆಗೆ ಅಂಥ ಮಿತಿಯಿಲ್ಲ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕು, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು, ಹಾನಿಯ ಹೆಸರಿನಲ್ಲಿ ಕಡಿತ ಮಾಡುವುದಾದರೆ ಅದು ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆದದ್ದಾಗಿರಬೇಕು, ಅವನ ಮಾತು ಕೇಳಿದ ಮೇಲೆಯೇ ಕಡಿಯಬೇಕು, ಒಟ್ಟು ಕಡಿತ ಸಂಬಳದ ಅರ್ಧವನ್ನು ಮೀರಬಾರದು. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಡೆ ಪಿಎಫ್ ಇರಬೇಕು. ಇವೆರಡೂ ಇದ್ದರೆ ಕೈಗೆ ಬರುವ ಹಣ ಸ್ವಲ್ಪ ಕಡಿಮೆಯೆನಿಸಿದರೂ ಆ ಕೆಲಸವನ್ನೇ ಆರಿಸಿಕೊಳ್ಳಿ.

ಸಂಬಳವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ ಎಂದು ನಾನು ಪಟ್ಟುಹಿಡಿದು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಲಾರಿಯ ಕಡ್ಡಾಯ ವಿಮೆಯಲ್ಲಿ ಸಂಬಳದ ಚಾಲಕನ ಸಾವು ಅಥವಾ ಗಾಯದ ಪರಿಹಾರದ ಹೊಣೆಯೂ ಸೇರಿರುತ್ತದೆ. ಆದರೆ ನೀವು ಆ ಲಾರಿಯ ಸಂಬಳದ ಚಾಲಕರಾಗಿದ್ದಿರಿ ಎಂಬುದನ್ನು, ಸಂಬಳ ಎಷ್ಟಿತ್ತು ಎಂಬುದನ್ನು ನಿಮ್ಮ ಕುಟುಂಬ ತೋರಿಸಬೇಕಾಗುತ್ತದೆ. ನಗದಿನಲ್ಲಿ ಪಡೆದ ಹತ್ತು ವರ್ಷದ ಸಂಬಳಕ್ಕಿಂತ ಖಾತೆಗೆ ಬಂದ ಆರು ತಿಂಗಳ ಸಂಬಳ ಅಲ್ಲಿ ಹೆಚ್ಚು ಮಾತನಾಡುತ್ತದೆ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗಾಗಿ ಕರ್ನಾಟಕ ಸರ್ಕಾರದ ಅಪಘಾತ ಪರಿಹಾರ ಯೋಜನೆಯೂ ಇದೆ, ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಾಗ ಅದರ ನೋಂದಣಿಯನ್ನೂ ಮುಗಿಸಿ ಬನ್ನಿ.

ಮಾಲೀಕರನ್ನು ಪರೀಕ್ಷಿಸಲು ಆಫೀಸಿಗಿಂತ ಮೊದಲು ಯಾರ್ಡಿಗೆ ಹೋಗಿ. ನಿಂತ ಲಾರಿಗಳ ಸುತ್ತ ಒಂದು ಸುತ್ತು ಹಾಕಿ. ಸ್ಟೆಪ್ನಿಯ ಟೈರಿನಲ್ಲಿ ಗೀರು ಉಳಿದಿದೆಯೇ, ಹಿಂದಿನ ದೀಪಗಳು ಉರಿಯುತ್ತವೆಯೇ, ಟಾರ್ಪಾಲು ಹರಿದಿದೆಯೇ, ಕ್ಯಾಬಿನ್ನಿನಲ್ಲಿ ಮಲಗುವ ಜಾಗದ ಹಾಸು ಹೇಗಿದೆ ಎಂದು ನೋಡಿ. ಸ್ಟೆಪ್ನಿಗೆ ದುಡ್ಡು ಹಾಕದವರು ಸಿಡಿದ ಟೈರನ್ನು ಚಾಲಕನ ಲೆಕ್ಕಕ್ಕೆ ಬರೆಯುತ್ತಾರೆ. ನಾನು ಚಾಲಕನಾಗಿದ್ದ ಮೊದಲ ವರ್ಷ ನನ್ನ ಲೆಕ್ಕಕ್ಕೂ ಹಾಗೆಯೇ ಬರೆದಿದ್ದರು, ಎರಡು ಸಲ ರೀಸೋಲ್ ಮಾಡಿದ (ಸವೆದ ಮೇಲೆ ಹೊಸ ರಬ್ಬರ್ ಹಾಕಿದ) ಟೈರಿಗೆ. ಹೊಸ ಲಾರಿಗಳಿದ್ದರೆ ಕ್ಯಾಬಿನ್ ಎಸಿ ಕೆಲಸ ಮಾಡುತ್ತದೆಯೇ ಎಂದೂ ವಿಚಾರಿಸಿ, ಈಗ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಅದು ಕಡ್ಡಾಯ. ಆಮೇಲೆ ಎದುರಿನ ಚಹಾದಂಗಡಿಯಲ್ಲಿ, ಇಲ್ಲವೇ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿ ಯಾರ್ಡಿನಲ್ಲಿ ಅವರ ಚಾಲಕರು ಸಿಕ್ಕರೆ ಮಾತಿಗೆಳೆಯಿರಿ. ಮಾಲೀಕರು ಒಳ್ಳೆಯವರಾ ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಪರವಾಗಿಲ್ಲ ಎಂದೇ ಹೇಳುತ್ತಾರೆ. ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು ಎಂದು ಕೇಳಿ. ಹೋದ ಸಲ ಅಪಘಾತವಾದಾಗ ಠಾಣೆಗೆ ಯಾರು ಬಂದರು ಎಂದು ಕೇಳಿ. ನಿಮಗಿಂತ ಮುಂಚೆ ಆ ಲಾರಿಯಲ್ಲಿದ್ದವರ ಫೋನ್ ನಂಬರು ಸಿಕ್ಕರೆ ಅದಕ್ಕಿಂತ ಒಳ್ಳೆಯ ದಾಖಲೆ ಇನ್ನಿಲ್ಲ.

ಸೇರಿದ ಮೇಲೂ ಮೊದಲ ಮೂರು ತಿಂಗಳು ಮುಂಗಡ ಕೇಳಬೇಡಿ, ಅವರಾಗಿಯೇ ಕೊಟ್ಟರೂ ದೊಡ್ಡದನ್ನು ಪಡೆಯಬೇಡಿ. ಕೆಲಸಕ್ಕೆ ಸೇರುವ ದಿನವೇ ಐವತ್ತು ಸಾವಿರ ಎಣಿಸಿ ಕೊಡುವವರಿಗೆ ಚಾಲಕರು ನಿಲ್ಲುತ್ತಿಲ್ಲ ಎಂದೇ ಅರ್ಥ.

ತಂದೆಯವರ ಸಲಹೆಯ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಜಮೀನು ಮಾರಿ ಲಾರಿ ಕೊಳ್ಳುವುದನ್ನು ನಾನು ಈಗ ಬೇಡವೆನ್ನುತ್ತೇನೆ. ಕಂತು, ವಿಮೆ, ಪರ್ಮಿಟ್, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿಯ ಅರ್ಹತಾ ಪ್ರಮಾಣಪತ್ರ), ಹತ್ತು ಟೈರು, ಇವೆಲ್ಲ ಲೋಡ್ ಇದ್ದರೂ ಇಲ್ಲದಿದ್ದರೂ ಬರುತ್ತವೆ. ಸ್ವಂತ ಲೋಡ್ ಇಲ್ಲದೆ ಲಾರಿ ಕೊಂಡರೆ ನೀವು ಅದೇ ಬ್ರೋಕರ್ ಆಫೀಸಿನ ಬೆಂಚಿನ ಮೇಲೆ, ಈಗಿನ ನಿಮ್ಮ ಮಾಲೀಕರ ಪಕ್ಕದಲ್ಲಿಯೇ ಕುಳಿತಿರುತ್ತೀರಿ. ಎರಡು ಮೂರು ವರ್ಷ ಗುತ್ತಿಗೆ ಲೋಡಿನಲ್ಲಿ ಕೆಲಸ ಮಾಡಿ, ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದವರು ನಿಮ್ಮ ಹೆಸರು ಹಿಡಿದು ಕರೆಯುವಂತಾಗಿ, ನಿಮ್ಮ ಗಾಡಿಯನ್ನೂ ಹಾಕಿ ಎಂದು ಅವರೇ ಹೇಳಿದ ದಿನ ಈ ಯೋಚನೆಯನ್ನು ಮತ್ತೆ ತೆಗೆಯಿರಿ. ಗಲ್ಫಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರಾದ ಏಜೆಂಟರ ಮೂಲಕವಲ್ಲದೆ ಹೋಗಬೇಡಿ, ಅವರ ಸೇವಾ ಶುಲ್ಕಕ್ಕೆ ಸರ್ಕಾರ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಹಾಕಿದೆ. ಲಕ್ಷಗಟ್ಟಲೆ ಕೇಳುವವರು ಕೆಲಸ ಕೊಡಿಸುವ ಮೊದಲೇ ನಿಮ್ಮನ್ನು ಸಾಲಕ್ಕೆ ಕಟ್ಟಿಹಾಕುತ್ತಾರೆ.

ನಿಮ್ಮ ಮನೆಯವರು ಕಾರ್ಖಾನೆಗೆ ಸೇರಿ ಎನ್ನುತ್ತಿರುವುದು ಲಾರಿಯನ್ನು ದ್ವೇಷಿಸಿ ಇರಲಾರದು. ಯಾವ ದಿನ ಬರುತ್ತೀರಿ, ಯಾವ ದಿನ ಸಂಬಳ ಬರುತ್ತದೆ ಎಂಬ ಎರಡೂ ಗೊತ್ತಿಲ್ಲದೆ ಮನೆ ನಡೆಸುತ್ತಿರುವವರು ಅವರು. ಹಾಲಿನ ರೂಟಿನಲ್ಲೋ ನಂಜನಗೂಡು-ಬೆಂಗಳೂರು ಲೋಡಿನಲ್ಲೋ ಈ ಎರಡಕ್ಕೂ ಉತ್ತರವಿದೆ ಎಂದು ಅವರೊಂದಿಗೆ ಕುಳಿತು ಹೇಳಿ, ಆರು ತಿಂಗಳ ಗಡುವು ಕೇಳಿ. ಅಷ್ಟರಲ್ಲಿಯೂ ಸರಿಹೋಗದಿದ್ದರೆ ಅವರ ಮಾತನ್ನು ಕೇಳುವುದರಲ್ಲಿ ಸೋಲೇನೂ ಇಲ್ಲ.

ಈಗ ಮೊದಲನೆಯ ಸಂಕಟಕ್ಕೆ ಬರುತ್ತೇನೆ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಿರಿ. ನೀವು ಪಡೆದ ಮುಂಗಡ 40,000. ನಿಮಗೆ ಬರಬೇಕಾದ ಎರಡು ತಿಂಗಳ ಸಂಬಳ 36,000. ಸಿಡಿದ ಟೈರಿನ 9,000ವನ್ನು, ನಿಮ್ಮ ನಿರ್ಲಕ್ಷ್ಯವನ್ನು ತೋರಿಸದೆ, ನಿಮ್ಮ ಮಾತು ಕೇಳದೆ ನಿಮ್ಮ ಮೇಲೆ ಹಾಕಲಾಗದು. ಹಾಗಾದರೆ ನೀವು ಕೊಡಬೇಕಾದದ್ದು 4,000 ರೂಪಾಯಿ ಮಾತ್ರ, ಬಾಕಿ ಬಾಟಾ ಏನಾದರೂ ಇದ್ದರೆ ಅದಕ್ಕಿಂತಲೂ ಕಡಿಮೆ. ಇಷ್ಟು ದಿನ ನಲವತ್ತೊಂಬತ್ತು ಸಾವಿರದ ಸಾಲಗಾರನೆಂದು ತಲೆ ತಗ್ಗಿಸಿಕೊಂಡು ಲಾರಿ ಹತ್ತಿದ್ದೀರಿ. ಮುಂಗಡವಿದೆಯೆಂದು ಒಬ್ಬರನ್ನು ಬಲವಂತದಿಂದ ದುಡಿಸಿಕೊಳ್ಳುವುದನ್ನು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ನಿಷೇಧಿಸಿದೆ, ಲೈಸೆನ್ಸನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕಂತೂ ಯಾವ ಮಾಲೀಕರಿಗೂ ಇಲ್ಲ. ಈ ದಿನವೇ ನಿಮ್ಮ ಮೊಬೈಲಿನ ಡಿಜಿಲಾಕರಿನಲ್ಲಿ ಲೈಸೆನ್ಸನ್ನು ಇಳಿಸಿಕೊಳ್ಳಿ, ತಪಾಸಣೆಯಲ್ಲಿ ಅದು ಮೂಲ ಪ್ರತಿಯಷ್ಟೇ ಸಿಂಧು.

ಆ ಮೇಲೆ ಟ್ರಿಪ್ಪಿನ ಚೀಟಿಗಳು, ಡೀಸೆಲ್ ಬಿಲ್ಲುಗಳು, ಮಾಲೀಕರೊಂದಿಗಿನ ವಾಟ್ಸಾಪ್ ಸಂದೇಶಗಳು, ಗೇಟ್‌ಪಾಸಿನ ಫೋಟೋಗಳು ಎಲ್ಲವನ್ನೂ ಒಂದು ಕವರಿಗೆ ಹಾಕಿ, ಹಾಳೆಯ ಎರಡು ಪ್ರತಿ ಮಾಡಿಕೊಂಡು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ದನಿ ಎತ್ತಬೇಡಿ, ಲೆಕ್ಕ ಓದಿ. ಒಪ್ಪದಿದ್ದರೆ ಅದೇ ಕವರು ಕಾರ್ಮಿಕ ಇಲಾಖೆಗೆ ಕೊಡುವ ದೂರಿನ ದಾಖಲೆಯಾಗುತ್ತದೆ, ಸಂಬಳದ ಬಾಕಿಗೆ ದೂರು ಕೊಡಲು ಮೂರು ವರ್ಷದ ಅವಕಾಶವಿದೆ. ಒಪ್ಪಿದರೆ 4,000 ರೂಪಾಯಿಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಮೊದಲು ಲೈಸೆನ್ಸನ್ನು ಕೈಗೆ ಪಡೆಯಿರಿ, ಆಮೇಲೆ ಹಣ ಎಣಿಸಿ ಕೊಡಿ. ಲೆಕ್ಕ ಚುಕ್ತಾ ಆಯಿತೆಂದು ಎರಡೂ ಪ್ರತಿಗಳ ಮೇಲೆ ಅವರ ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.